ಹಗ್ಗಕ್ಕೊಂದು ಪುಸ್ತಕ, ನಮಗೊಂದು ಪುಟ

ಗುಡ್ಡದಲ್ಲಿ, ನೀರಲ್ಲಿ ಸಿಕ್ಕಿಬಿದ್ದವರನ್ನು ತೆಗೆಯುವ ನಮ್ಮ ತಂಡದಲ್ಲಿ ಹಗ್ಗಕ್ಕೊಂದು ಪುಸ್ತಕ ಇದೆ. ಕೆಂಪು ರಟ್ಟಿನದು, ಕಿರಾಣಿ ಅಂಗಡಿಯವರು ಉದ್ರಿ ಬರೆಯುತ್ತಾರಲ್ಲ, ಅಂಥ ಉದ್ದ ಪುಸ್ತಕ. ಯಾವ ಹಗ್ಗ ಯಾವ ದಿನ ಯಾವ ಗುಡ್ಡಕ್ಕೆ ಹೋಗಿತ್ತು, ಎಷ್ಟು ಹೊತ್ತು ನೆನೆಯಿತು, ಕಲ್ಲಿನ ಅಂಚಿಗೆ ಉಜ್ಜಿತೇ, ಅದರ ಮೇಲೆ ಯಾರಾದರೂ ದಸಕ್ಕನೆ ಜೋತುಬಿದ್ದರೇ, ಎಲ್ಲ ಬರೆಯಬೇಕು. ವಾಪಸ್ ಬಂದ ಮೇಲೆ ಹಗ್ಗವನ್ನು ತಣ್ಣೀರಲ್ಲಿ ತೊಳೆದು ನೆರಳಲ್ಲಿ ಒಣಗಿಸುತ್ತೇವೆ. ಬಿಸಿಲಿಗೆ ಹಾಕಿದರೆ ನೈಲಾನ್ ಹಾಳಾಗುತ್ತದೆ. ಒಣಗಿದ ಮೇಲೆ ಒಬ್ಬರು ಕೂತು ಈ ತುದಿಯಿಂದ ಆ ತುದಿವರೆಗೆ ಗೇಣು ಗೇಣಾಗಿ ಬೆರಳಲ್ಲಿ ಒತ್ತಿ ನೋಡಬೇಕು. ಎಲ್ಲಾದರೂ ಒಂದು ಕಡೆ ಮೆತ್ತಗೆ ಹತ್ತಿದರೆ ಒಳಗಿನ ಎಳೆ ಹೋಗಿದೆ ಅಂತ ಲೆಕ್ಕ. ಮೇಲಿನ ಹೆಣಿಗೆ ಮಾತ್ರ ಹೊಸದರಂತೆ ಇರುತ್ತದೆ. ಆ ಹಗ್ಗದ ಮೇಲೆ ಮತ್ತೆ ಮನುಷ್ಯರ ಭಾರ ಹಾಕುವಂತಿಲ್ಲ.

ಈ ಪುಸ್ತಕ ಬರೆಯುವವನು ನಾನು. ನನ್ನ ಹೊಟ್ಟೆಪಾಡಿನ ಕೆಲಸವೂ ಇದೇ ತರಹದ್ದು. ತಳೇಗಾಂವ್ ಕಡೆಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ದಿನವಿಡೀ ವರ್ನಿಯರ್ ಹಿಡಿದು ಅಳೆಯುವುದು, ಬರೆಯುವುದು, ಸಹಿ ಹಾಕುವುದು. ಊರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕು. ಪುಣೆಗೆ ಬಂದು ಹದಿನೇಳು ವರ್ಷ ಆಯಿತು. ತಂಡದಲ್ಲಿ ಎಲ್ಲರೂ ನನಗೆ "ಅಣ್ಣಾ" ಅಂತಾರೆ. ಗೌರವಕ್ಕೇನೂ ಅಲ್ಲ, ಮರಾಠಿಯವರಿಗೆ ದಕ್ಷಿಣದವರೆಲ್ಲ ಅಣ್ಣಾನೇ. ನನಗಿಂತ ಹದಿನೈದು ವರ್ಷ ದೊಡ್ಡವರೂ ಹಾಗೇ ಕರೆಯುತ್ತಾರೆ.

ತಂಡ ಅಂದರೆ ಯಾರೋ ಕಮಾಂಡೋಗಳಲ್ಲ. ಚಿಕ್ಕಿ ಅಂಗಡಿಯವನೊಬ್ಬ, ರಿಕ್ಷಾ ಓಡಿಸುವವರು ಇಬ್ಬರು, ಒಬ್ಬರು ಶಾಲಾ ಮಾಸ್ತರು, ಒಬ್ಬ ಎಲೆಕ್ಟ್ರಿಷಿಯನ್, ಏಳೆಂಟು ಕಾಲೇಜು ಹುಡುಗರು. ಯಾರಿಗೂ ಸಂಬಳ ಇಲ್ಲ. ಲೋಣಾವಳಾ ಸುತ್ತಲಿನ ಲೋಹಗಡ, ವಿಸಾಪುರ, ತಿಕೋನಾ ಕೋಟೆಗಳಲ್ಲಿ ಯಾರಾದರೂ ಜಾರಿ ಬಿದ್ದರೆ, ಮಂಜಲ್ಲಿ ದಾರಿ ತಪ್ಪಿದರೆ, ಹೆಜ್ಜೇನು ಎದ್ದರೆ, ಪವನಾ ಅಣೆಕಟ್ಟಿನ ಹಿನ್ನೀರಲ್ಲೋ ಇಂದ್ರಾಯಣಿ ನದಿಯಲ್ಲೋ ಯಾರಾದರೂ ಮುಳುಗಿದರೆ ನಮಗೆ ಫೋನ್ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶನಿವಾರ, ರವಿವಾರ ನಮ್ಮದಲ್ಲ. ಫೋಟೋ ನೋಡಿದವರು "ಎಷ್ಟು ಜೀವ ಉಳಿಸಿದಿರಿ" ಅಂತ ಕೇಳುತ್ತಾರೆ. ನಿಜ ಹೇಳಬೇಕೆಂದರೆ ನೀರಿನ ಕಾಲ್ ಬಂತು ಅಂದರೆ ನಾವು ಹೋಗುವುದು ಹೆಚ್ಚಾಗಿ ಬಾಡಿ ತೆಗೆಯಲಿಕ್ಕೆ. ನಾವು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ದಂಡೆಯ ಮೇಲೆ ಮನೆಯವರು ಕೂತಿರುತ್ತಾರೆ. ಅವರು ನಮ್ಮ ಮುಖವನ್ನೇ ನೋಡುತ್ತಿರುತ್ತಾರೆ.

2023ರ ಜುಲೈ 19ರ ರಾತ್ರಿ ಕಾಲ್ ಬಂದದ್ದು ಇರ್ಶಾಳವಾಡಿಯಿಂದ. ರಾಯಗಡ ಜಿಲ್ಲೆ, ಖಾಲಾಪುರ ತಾಲೂಕು. ಇರ್ಶಾಳಗಡದ ಮಗ್ಗುಲಲ್ಲಿ ಆದಿವಾಸಿಗಳ ಒಂದು ಚಿಕ್ಕ ವಾಡಿ. ಮಳೆಗೆ ಗುಡ್ಡ ಜರಿದು ಮಲಗಿದ್ದ ಮನೆಗಳ ಮೇಲೆ ಬಂದಿತ್ತು. ಅಲ್ಲಿಗೆ ರಸ್ತೆಯೇ ಇಲ್ಲ. ಕೆಳಗೆ ಗಾಡಿ ಬಿಟ್ಟು ಗಂಟೆಗೂ ಹೆಚ್ಚು ಹೊತ್ತು ಜಾರುವ ಕೆಸರಲ್ಲಿ ಹತ್ತಬೇಕು. ಹಾಗಾಗಿ ಜೆಸಿಬಿ ಬರಲಿಲ್ಲ. ಕೇಂದ್ರ ಸರ್ಕಾರದ ವಿಪತ್ತು ಪಡೆ ಎನ್‌ಡಿಆರ್‌ಎಫ್‌ನವರೂ ನಾವೂ ಸಲಿಕೆ, ಪಿಕಾಸಿ, ಬುಟ್ಟಿ ಹಿಡಿದು ಅಗೆದೆವು. ಅದೇ ರಾತ್ರಿ ನವಿ ಮುಂಬೈ ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರು ಹತ್ತುವಾಗಲೇ ಹೃದಯಾಘಾತವಾಗಿ ತೀರಿಕೊಂಡರು. ಸುದ್ದಿ ಬಾಯಿಂದ ಬಾಯಿಗೆ ಮೇಲಕ್ಕೆ ಬಂತು. ನಮ್ಮಲ್ಲಿ ಒಬ್ಬರೂ ಕೆಲಸ ನಿಲ್ಲಿಸಲಿಲ್ಲ. ಆದರೆ ನಮ್ಮ ಮಾಸ್ತರು ಒಂದು ಸಲ ತಮ್ಮ ಎದೆ ಮುಟ್ಟಿ ನೋಡಿಕೊಂಡದ್ದು ನನಗೆ ಕಂಡಿತು.

ಮೂರು ದಿನ ಇದ್ದೆ. ವಡಾಪಾವ್ ತಿಂದು, ತಾಡಪತ್ರಿಯ ಕೆಳಗೆ ಕೂತಲ್ಲೇ ನಿದ್ದೆ. ಮೂಗಿನ ಕೆಳಗೆ ವಿಕ್ಸ್ ಬಳಿದುಕೊಂಡು ಅದರ ಮೇಲೆ ಮಾಸ್ಕ್. ಎರಡನೇ ದಿನದಿಂದ ಅದಿಲ್ಲದೆ ಆಗುತ್ತಿರಲಿಲ್ಲ. ಒಂದು ಕಡೆ ಮಣ್ಣು ತೆಗೆಯುವಾಗ ಮೊದಲು ಸಿಕ್ಕಿದ್ದು ರೊಟ್ಟಿ ಹಂಚು. ಮಗುಚಿ ಬಿದ್ದಿತ್ತು, ಒಂದು ಅಂಚು ಸೀಳಿತ್ತು. ನಮ್ಮವ್ವನ ಹಂಚೂ ಹಾಗೇ ಒಂದು ಕಡೆ ಸೀಳಿದೆ. ಅದನ್ನು ಪಕ್ಕಕ್ಕಿಟ್ಟು ಮತ್ತೆ ಕೈ ಹಾಕಿದೆ. ಆಮೇಲೆ ಸಿಕ್ಕಿದ್ದನ್ನು ಇಲ್ಲಿ ಬರೆಯುವುದಿಲ್ಲ. 23ಕ್ಕೆ ಹುಡುಕಾಟ ನಿಲ್ಲಿಸಿದರು. 27 ಬಾಡಿ ಸಿಕ್ಕಿದ್ದವು. 57 ಜನ ಸಿಗಲೇ ಇಲ್ಲ.

ಮನೆಗೆ ಬಂದಾಗ ಕಾಲ್ಬೆರಳ ಸಂದಿ ಬೆಳ್ಳಗೆ ಮೆತ್ತಗಾಗಿ ಸುಲಿಯುತ್ತಿತ್ತು. ಅಂಗೈಯಲ್ಲಿ ಬೊಬ್ಬೆ ಒಡೆದಿದ್ದವು. ಕೆಳಗೆ ಶಿಬಿರದಲ್ಲಿ ಡಾಕ್ಟರರು ಇಲಿ ಜ್ವರ ಬಾರದಂತೆ ಮಾತ್ರೆ ಕೊಡುತ್ತಿದ್ದರಂತೆ. ಸಾಲಲ್ಲಿ ನಿಲ್ಲಲಿಕ್ಕೆ ನಮಗೆ ಪುರಸೊತ್ತಿರಲಿಲ್ಲ. ಹನ್ನೊಂದನೇ ದಿನ ನಮ್ಮ ರಿಕ್ಷಾದವನಿಗೆ ಜ್ವರ, ಮೀನಖಂಡದಲ್ಲಿ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪು. ಇಲಿ ಜ್ವರವೇ. ಆರು ದಿನ ಆಸ್ಪತ್ರೆ. ಬದುಕಿದ. ಆದರೆ ರಿಕ್ಷಾ ಮೂರು ವಾರ ಮನೆ ಮುಂದೆ ನಿಂತಿತ್ತು. ಆ ತಿಂಗಳ ಕಂತನ್ನು ನಾವೇ ಚಂದಾ ಎತ್ತಿ ಕಟ್ಟಿದೆವು.

ನನಗೆ ಜ್ವರ ಬರಲಿಲ್ಲ. ಹಾಗಾಗಿ ನಾನು ಚೆನ್ನಾಗಿದ್ದೇನೆ ಅಂದುಕೊಂಡೆ.

ಆಗಸ್ಟ್ ಮೊದಲ ವಾರ ಮಗನಿಗೆ ನೆಗಡಿ. ಆಗ ಅವನಿಗೆ ಐದು ವರ್ಷ. ನನ್ನ ಹೆಂಡತಿ ಅವನ ಎದೆಗೆ ವಿಕ್ಸ್ ಹಚ್ಚಲಿಕ್ಕೆ ಡಬ್ಬಿ ಮುಚ್ಚಳ ತೆಗೆದಳು. ನಾನು ಪಕ್ಕದಲ್ಲೇ ಕೂತು ಮೊಬೈಲ್ ನೋಡುತ್ತಿದ್ದೆ. ಯಾವಾಗ ಎದ್ದೆನೋ ಗೊತ್ತಿಲ್ಲ. ಎರಡು ಮಹಡಿ ಇಳಿದು, ಗೇಟು ದಾಟಿ, ಬರಿಗಾಲಲ್ಲಿ ರಸ್ತೆ ಮೇಲೆ ನಿಂತಿದ್ದೆ. ಎದೆ ಢವಢವ ಅನ್ನುತ್ತಿತ್ತು. ಬಾಯಲ್ಲಿ ಮಣ್ಣಿನ ರುಚಿ. ಅವಳು ಬಾಲ್ಕನಿಯಿಂದ ಬಗ್ಗಿ ಕೂಗಿದಳು. "ರೀ, ಏನಾತ್ರಿ? ಎಲ್ಲಿ ಹೊಂಟ್ರಿ?" ಹಾಲು ತರಲಿಕ್ಕೆ ಅಂದೆ. ಫ್ರಿಜ್‌ನಲ್ಲಿ ಎರಡು ಪಾಕೀಟು ಹಾಲಿತ್ತು. ಅವಳು ಏನೂ ಅನ್ನಲಿಲ್ಲ.

ಆಮೇಲೆ ಒಂದೊಂದಾಗಿ ಶುರುವಾಯಿತು. ರಾತ್ರಿ ಎರಡಕ್ಕೆ ಎಚ್ಚರ. ಮತ್ತೆ ನಿದ್ದೆ ಇಲ್ಲ. ಮಗ ಕವುಚಿ ಮಲಗಿದರೆ ಉಸಿರಾಡುತ್ತಾನಾ ಅಂತ ಬೆನ್ನ ಮೇಲೆ ಕೈಯಿಟ್ಟು ನೋಡುವುದು, ಒಂದೇ ರಾತ್ರಿಯಲ್ಲಿ ನಾಲ್ಕು ಸಲ. ಕಾರ್ಖಾನೆಯಲ್ಲಿ ಒಂದು ಲಾಟ್‌ಗೆ ತಪ್ಪು ರೀಡಿಂಗ್ ಬರೆದು ಪಾಸ್ ಮಾಡಿದೆ. ನನ್ನ ಸರ್ವೀಸಿನಲ್ಲಿ ಅದೇ ಮೊದಲು. ಮೇಲಿನವರು ಬೈದರು. ನಾನು ತಿರುಗಿ ಬೈದೆ. ಅದೂ ಅದೇ ಮೊದಲು. ಕಾಲ್ ಮುಗಿಸಿ ಬಂದಾಗ ಮೊದಲು ಎಲ್ಲರೂ ಸೇರಿ ಎರಡು ಪೆಗ್ ಹಾಕುತ್ತಿದ್ದೆವು. ಈಗ ನಾನೊಬ್ಬನೇ, ಯಾವ ಕಾಲ್ ಇಲ್ಲದ ದಿನವೂ.

ಈ ನಡುವೆ ನಮಗೆ ಸತ್ಕಾರ ಆಯಿತು. ಶಾಲು, ತೆಂಗಿನಕಾಯಿ, ಫ್ರೇಮ್ ಹಾಕಿದ ಪ್ರಮಾಣಪತ್ರ. ಭಾಷಣದಲ್ಲಿ ನಮ್ಮನ್ನು ದೇವದೂತರು ಅಂದರು. ಶಾಲು ಚೆನ್ನಾಗಿತ್ತು, ಅವ್ವನಿಗೆ ಕೊಟ್ಟೆ. ಅಂದು ವೇದಿಕೆ ಮೇಲಿದ್ದ ಹನ್ನೆರಡು ಜನರಲ್ಲಿ ಒಬ್ಬರಾದರೂ "ನಿದ್ದೆ ಬರ್ತಿದೆಯೇನ್ರಪ್ಪಾ?" ಅಂತ ಕೇಳಿದ್ದರೆ ನಾನು ಅಲ್ಲೇ ಅತ್ತುಬಿಡುತ್ತಿದ್ದೆನೋ ಏನೋ. ಒಂದು ಲೆಕ್ಕಕ್ಕೆ ಕೇಳದಿದ್ದದ್ದೇ ಒಳ್ಳೆಯದಾಯಿತು.

ಇನ್ನೊಂದು ಕಡೆಯವರು ನಮ್ಮ ಮನಸ್ಸಿನ ಆರೋಗ್ಯಕ್ಕೆ ಅಂತಲೇ ಕಾರ್ಯಕ್ರಮ ಇಟ್ಟರು. ಉದ್ದೇಶ ಒಳ್ಳೆಯದೇ. ಒಂದು ಹಾಲ್‌ನಲ್ಲಿ ಎಲ್ಲರನ್ನೂ ಸುತ್ತ ಕೂರಿಸಿದರು. ಒಬ್ಬೊಬ್ಬರಾಗಿ ಎದ್ದು ನೀವು ಅಲ್ಲಿ ಏನೇನು ನೋಡಿದಿರಿ ಹೇಳಿ, ಮನಸ್ಸು ಹಗುರ ಮಾಡಿಕೊಳ್ಳಿ ಅಂದರು. ನಾಲ್ಕನೆಯವನು ಹೇಳುತ್ತಿರುವಾಗ ಹತ್ತೊಂಬತ್ತರ ಹುಡುಗನೊಬ್ಬ ಎದ್ದು ಹೊರಗೆ ಹೋಗಿ ವಾಂತಿ ಮಾಡಿಕೊಂಡ. ಅವನು ಅಲ್ಲಿ ಮೇಲೆ ಹತ್ತಿಯೇ ಇರಲಿಲ್ಲ, ಕೆಳಗೆ ನೀರಿನ ಕ್ಯಾನ್ ತುಂಬುತ್ತಿದ್ದ. ತಾನು ನೋಡದೇ ಇದ್ದದ್ದನ್ನೂ ಆ ದಿನ ನೋಡಿದ. ಮುಂದೆ ನನ್ನ ಡಾಕ್ಟರ್ ಹೇಳಿದರು, ಘಟನೆ ಆದ ಬೆನ್ನಿಗೇ ಎಲ್ಲರಿಂದಲೂ ಬಲವಂತವಾಗಿ ವಿವರ ಹೇಳಿಸುವ ಈ ಪದ್ಧತಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ ಅಂತ. ಅದರ ಬದಲು ಮಾಡಬೇಕಾದದ್ದನ್ನು ಆ ಸಂಸ್ಥೆಯವರು 2011ರಲ್ಲೇ ಒಂದು ಕೈಪಿಡಿಯಲ್ಲಿ ಬರೆದಿಟ್ಟಿದ್ದಾರೆ. ಸುಲಭದ್ದು. ನೋಡು, ಕೇಳು, ಜೋಡಿಸು. ಯಾರು ತತ್ತರಿಸಿದ್ದಾರೆ ಅಂತ ನೋಡು. ಅವರಾಗಿ ಹೇಳಿದರೆ ಕೇಳು, ಇಲ್ಲದಿದ್ದರೆ ಕೆದಕಬೇಡ. ಊಟ, ನೀರು, ಮನೆಯವರು, ಡಾಕ್ಟರು, ಏನು ಬೇಕೋ ಅದಕ್ಕೆ ಜೋಡಿಸು.

ಆಗಸ್ಟ್ 21ಕ್ಕೆ ನಾಗರ ಪಂಚಮಿ. ಊರಿಗೆ ಹೋದೆವು. ನಮ್ಮ ಕಡೆ ಪಂಚಮಿ ಅಂದರೆ ಉಂಡಿ ಮತ್ತು ಜೋಕಾಲಿ. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು. ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಲಿಕ್ಕೆ ಅಣ್ಣ ಹಗ್ಗ ತಂದ. ನಾನು ಇಸಿದುಕೊಂಡೆ. ಕಟ್ಟೆ ಮೇಲೆ ಕೂತು ಈ ತುದಿಯಿಂದ ಆ ತುದಿವರೆಗೆ ಒತ್ತಿ ನೋಡಿದೆ. ಮತ್ತೆ ಆ ತುದಿಯಿಂದ ಈ ತುದಿವರೆಗೆ. ಹುಡುಗರು ಸುತ್ತ ನಿಂತು "ಕಾಕಾ, ಲಗೂ ಕಟ್ರಿ" ಅಂತ ಕುಣಿಯುತ್ತಿದ್ದವು. ಅಣ್ಣ ಕಟ್ಟಿದ. ನಾನು ಬಿಚ್ಚಿಸಿದೆ. ಮತ್ತೆ ಕಟ್ಟಿದ. ನಾನು ಜೋತುಬಿದ್ದು ನೋಡಿದೆ, ಇಳಿದು ಗಂಟು ನೋಡಿದೆ. ಅವ್ವ ಒಳಗಿನಿಂದ ತಾಟು ಹಿಡಿದು ಬಂದವಳು ನಿಂತು ನೋಡುತ್ತಿದ್ದಳು.

"ಹಗ್ಗಾ ಹತ್ತ ಸಲಾ ನೋಡಿದಿ. ಒಮ್ಮೆ ಕನ್ನಡ್ಯಾಗ ನಿನ್ನ ಮಾರಿ ನೋಡ್ಕೋ ಹೋಗು" ಅಂದಳು.

ಬೈದದ್ದಲ್ಲ. ಸುಮ್ನೆ ಅಂದಳು. ಉಂಡಿ ಕೈಗಿಟ್ಟು ಒಳಗೆ ಹೋದಳು. ಹೆಂಡತಿ ಅವಳಿಗೆ ಮೊದಲೇ ಹೇಳಿದ್ದಳು ಅಂತ ನನಗೆ ಆಮೇಲೆ ಗೊತ್ತಾಯಿತು. ಹಾಲಿನ ಪಾಕೀಟಿನ ಕಥೆಯೂ ಸೇರಿ.

ಆ ರಾತ್ರಿ ಮಾಳಿಗೆ ಮೇಲೆ ಕೂತು 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಶುರು ಮಾಡಿದ ಸಹಾಯವಾಣಿ. ದಿನದ 24 ಗಂಟೆ, ದುಡ್ಡಿಲ್ಲ, 20 ಭಾಷೆಗಳಲ್ಲಿ ಮಾತಾಡುತ್ತಾರೆ. ನಂಬರು ನನ್ನ ಬಳಿ ಮೊದಲಿಂದ ಇತ್ತು. ತಂಡದ ವಾಟ್ಸಾಪ್ ಗುಂಪಿನಲ್ಲಿ ನಾನೇ ಬೇರೆಯವರಿಗೆ ಕಳಿಸಿದ್ದೆ! ಪುಣೆಯಲ್ಲಿ ಇದ್ದಾಗ ಮಾಡದೇ ಇದ್ದದ್ದಕ್ಕೆ ಒಂದು ಕಾರಣ ಇದೆ. ಮರಾಠಿ ನನಗೆ ಚೆನ್ನಾಗಿ ಬರುತ್ತದೆ. ಜಗಳ ಆಡುವಷ್ಟು, ತಮಾಷೆ ಮಾಡುವಷ್ಟು ಬರುತ್ತದೆ. ಆದರೆ ಈ ಮಾತು ಆಡಲಿಕ್ಕೆ ಹೋದರೆ ಮರಾಠಿಯಲ್ಲಿ ವರದಿ ಒಪ್ಪಿಸಿದಂತೆ ಆಗುತ್ತಿತ್ತು. ಎಷ್ಟು ಗಂಟೆಗೆ ಮುಟ್ಟಿದೆವು, ಎಷ್ಟು ಜನ ಇದ್ದೆವು, ಅಷ್ಟೇ.

ಆ ಕಡೆ ಒಬ್ಬ ಹೆಣ್ಣುಮಗಳು ಕನ್ನಡದಲ್ಲಿ "ಹೇಳಿ ಸರ್" ಅಂದಳು. ನಾನು ಹಂಚಿನಿಂದ ಶುರು ಮಾಡಿದೆ. ಎಷ್ಟು ಹೊತ್ತು ಮಾತಾಡಿದೆ ಗೊತ್ತಿಲ್ಲ. ಆಕೆ ನಡುವೆ ಹೆಚ್ಚೇನೂ ಕೇಳಲಿಲ್ಲ. ಸಾಯಬೇಕು ಅನ್ನುವ ಯೋಚನೆ ಬರುತ್ತದಾ ಅಂತ ಮಾತ್ರ ನೇರವಾಗಿ ಕೇಳಿದಳು. ಇಲ್ಲ ಅಂದೆ. ಕುಡಿತದ ಬಗ್ಗೆ ಕೇಳಿದಳು. ಅದಕ್ಕೆ ಹೌದು ಅಂದೆ. ಘಟನೆ ಆಗಿ ಒಂದು ತಿಂಗಳು ದಾಟಿದ ಮೇಲೂ ನಿದ್ದೆ, ಕೆಲಸ, ಮನೆ ಮೂರೂ ಹದಗೆಟ್ಟಿದ್ದರೆ ತಾನಾಗೇ ಸರಿಹೋಗುತ್ತದೆ ಅಂತ ಕಾಯಬೇಡಿ, ಪುಣೆಗೆ ಹೋದ ಕೂಡಲೇ ಮನೋವೈದ್ಯರನ್ನು ನೋಡಿ ಅಂದಳು. ನಾನು ಲೆಕ್ಕ ಹಾಕಿದೆ. ಒಂದು ತಿಂಗಳು, ಎರಡು ದಿನ.

ಪಿಂಪ್ರಿಯಲ್ಲಿ ಒಬ್ಬರು ಡಾಕ್ಟರಮ್ಮ ಸಿಕ್ಕರು. ಮೊದಲು ಬಿಪಿ ನೋಡಿದರು. 160/100. ನನಗೆ ಬಿಪಿ ಇದೆ ಅಂತಲೇ ಗೊತ್ತಿರಲಿಲ್ಲ. ಬಿಪಿಗೆ ಬೇರೆ ಡಾಕ್ಟರ ಹತ್ತಿರ ಕಳಿಸಿದರು. ಮಧ್ಯಾಹ್ನದ ಮೇಲೆ ಚಹಾ ಬಂದ್, ಕುಡಿತ ಬಂದ್. ಕುಡಿದರೆ ನಿದ್ದೆ ಬರುತ್ತದಲ್ಲ ಅಂದೆ. ಬರುತ್ತದೆ, ಎರಡು ಗಂಟೆಗೆ ಎಬ್ಬಿಸುವುದೂ ಅದೇ ಅಂದರು. ಆ ಮಾತು ನನಗೆ ತಟ್ಟನೆ ಹಿಡಿಸಿತು. ಯಾಕೆಂದರೆ ಲೆಕ್ಕ ಸರಿಯಾಗಿ ಕೂರುತ್ತಿತ್ತು.

ವಿಕ್ಸ್ ಕಥೆ ಹೇಳುವಾಗ ನನಗೆ ನಾಚಿಕೆ. ಗುಡ್ಡದಿಂದ ಹಗ್ಗದ ಮೇಲೆ ಇಳಿಯುವವನು ಡಬ್ಬಿಗೆ ಹೆದರಿ ಓಡಿದ ಅಂದರೆ ಹೇಗೆ? ಆಕೆ ನಗಲಿಲ್ಲ. ಕಂಡದ್ದು, ಕೇಳಿದ್ದು ಮಿದುಳಿನಲ್ಲಿ ಒಂದು ಸುತ್ತು ಹಾಕಿ ಹೋಗುತ್ತದಂತೆ. ವಾಸನೆ ಮಾತ್ರ ನೆನಪು, ಭಯ ಇರುವ ಕಡೆಗೆ ಸೀದಾ ಹೋಗುತ್ತದಂತೆ. ಹಾಗಾಗಿ ಇದು ಅಂಜುಬುರುಕತನ ಅಲ್ಲ, ತುರ್ತು ಕೆಲಸದವರಲ್ಲಿ ಕಾಣುವ ಕಾಯಿಲೆಯೇ ಅಂದರು. ಕಾಯಿಲೆ ಅಂದದ್ದು ಕೇಳಿ ನನಗೆ ಬೇಜಾರಾಗಲಿಲ್ಲ, ಸಮಾಧಾನ ಆಯಿತು.

ಹತ್ತು ಸಿಟಿಂಗ್ ಆಯಿತು. ಒಂದು ಸಲಕ್ಕೆ ಸಾವಿರ ರೂಪಾಯಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ವಿಮೆಯಲ್ಲಿ ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಗೂ ಭೇದ ಮಾಡುವಂತಿಲ್ಲ. ಆದರೆ ನನ್ನ ಪಾಲಿಸಿ ಆಸ್ಪತ್ರೆಗೆ ಸೇರಿದರೆ ಮಾತ್ರ ಕೊಡುವಂಥದು, ದೇಹವಾದರೂ ಅಷ್ಟೇ, ಮನಸ್ಸಾದರೂ ಅಷ್ಟೇ. ಭೇದ ಇಲ್ಲ! ದುಡ್ಡು ಕೈಯಿಂದಲೇ ಹೋಯಿತು.

ಸಿಟಿಂಗ್‌ನಲ್ಲಿ ಏನು ಮಾಡಿದರು ಅಂತ ತಂಡದ ಹುಡುಗರು ಈಗಲೂ ಕೇಳುತ್ತಾರೆ. ಮಂತ್ರ ಏನಿಲ್ಲ. ಆ ದಿನವನ್ನು ಮೊದಲಿಂದ ಕೊನೆವರೆಗೆ ಹೇಳಿಸಿದರು, ನಿಧಾನಕ್ಕೆ, ನನಗೆ ಬೇಕಾದಲ್ಲಿ ನಿಲ್ಲಿಸುತ್ತ. ಒಂದು ಮನೆಗೆಲಸ ಕೊಟ್ಟರು. ದಿನಾ ಒಂದು ಹೊತ್ತು ವಿಕ್ಸ್ ಡಬ್ಬಿ ತೆಗೆದು ಎದುರಿಗೆ ಇಟ್ಟುಕೊಂಡು ಕೂರಬೇಕು. ಎದ್ದು ಹೋಗಬಾರದು. ಸಂಕಟ ಎಷ್ಟು ಅಂತ ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ಬರೆಯಬೇಕು. ಇದು ನನ್ನ ಕೆಲಸವೇ! ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದೆ. ಮೊದಲ ದಿನ 85. ಎರಡನೇ ವಾರ 60. ಒಂದು ದಿನ ಯಾಕೋ ಮತ್ತೆ 80ಕ್ಕೆ ಹೋಯಿತು. ಆ ದಿನ ಜೋರು ಮಳೆ. ಎರಡು ತಿಂಗಳಿಗೆ 30ಕ್ಕೆ ಬಂತು. ಅದರ ಕೆಳಗೆ ಇಳಿಯಲೇ ಇಲ್ಲ. ಡಾಕ್ಟರಮ್ಮ 30 ಸಾಕು ಅಂದರು. ಕಾರ್ಖಾನೆಯಲ್ಲಾದರೆ ನಾನು ರಿಜೆಕ್ಟ್ ಮಾಡುತ್ತಿದ್ದೆ. ಮಗನಿಗೆ ಈಗಲೂ ವಿಕ್ಸ್ ಹಚ್ಚುವವಳು ನನ್ನ ಹೆಂಡತಿಯೇ. ನಾನು ಅದೇ ಕೋಣೆಯಲ್ಲಿ ಕೂತಿರುತ್ತೇನೆ.

ಇದನ್ನೆಲ್ಲ ತಂಡದಲ್ಲಿ ಹೇಳಬೇಕೋ ಬೇಡವೋ ಅಂತ ಬಹಳ ದಿನ ಹಿಂದೆಮುಂದೆ ನೋಡಿದೆ. ನಮ್ಮ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಕಾಕಾ ಅಂತೇವೆ. ಅರವತ್ತರ ಹತ್ತಿರ, ಹುರಿಗಟ್ಟಿದ ಮೈ. ಮೊದಲು ಅವರಿಗೊಬ್ಬರಿಗೇ ಹೇಳಿದೆ. ಹಗ್ಗ ಒಣಹಾಕಿದ್ದ ಶೆಡ್ಡಿನಲ್ಲಿ. ಕಾಕಾ ಬೀಡಿ ಸೇದುತ್ತ ಕೇಳಿದರು. ಬೈತಾರೆ ಅಂದುಕೊಂಡಿದ್ದೆ. ಬೀಡಿ ಆರಿಸಿ ಹೇಳಿದರು. 2014ರ ಜುಲೈ 30ಕ್ಕೆ ಆಂಬೇಗಾಂವ್ ತಾಲೂಕಿನ ಮಾಳೀಣ್ ಊರಿನ ಮೇಲೆ ಗುಡ್ಡ ಬಿದ್ದು 150ಕ್ಕೂ ಹೆಚ್ಚು ಜನ ಸತ್ತರಲ್ಲ, ಅಲ್ಲಿಗೆ ಅವರು ಹೋಗಿದ್ದರು. "ಅಲ್ಲಿಂದ ಬಂದ ಮೇಲೆ ಜೋರು ಮಳೆ ಬಿದ್ದ ರಾತ್ರಿ ನಾನು ಚಪ್ಪಲಿ ಹಾಕಿಕೊಂಡೇ ಮಲಗ್ತೀನಿ. ಬಾಗಿಲ ಹತ್ತಿರ. ಮನೆಯವಳಿಗೆ ಮಂಡಿನೋವು ಅಂತ ಹೇಳಿದ್ದೀನಿ, ರಾತ್ರಿ ಎದ್ದು ಹೋಗಲಿಕ್ಕೆ ಸುಲಭ ಆಗಲಿ ಅಂತ." ಒಂಬತ್ತು ವರ್ಷ! ವಾರಕ್ಕೆ ಮೂರು ದಿನ ಜೊತೆಗೆ ಚಹಾ ಕುಡಿದಿದ್ದೇವೆ.

ಕೆಂಪು ಪುಸ್ತಕ ಪಕ್ಕದಲ್ಲೇ ಇತ್ತು. ಹಿಂದಿನಿಂದ ಒಂದು ಪುಟ ತಿರುಗಿಸಿ ನಮ್ಮ ಹೆಸರುಗಳನ್ನು ಬರೆಯಲು ಶುರು ಮಾಡಿದೆ. ಕಾಕಾ ನೋಡಿದರು, ಬೇಡ ಅನ್ನಲಿಲ್ಲ.

ಈಗ ಆ ಪುಟಗಳಲ್ಲಿ ಏನೇನಿದೆ ಅಂದರೆ: ಯಾರು ಎಷ್ಟು ಗಂಟೆ ಕೆಲಸದಲ್ಲಿದ್ದರು, ಊಟ ಆಯಿತೇ, ಬಾಡಿ ಮುಟ್ಟಿದರೇ, ನೀರಿಗೋ ಕೆಸರಿಗೋ ಇಳಿದರೇ, ಗಾಯ ಇತ್ತೇ. ಕೊನೆಯ ಮೂರು ಸಾಲಿನಲ್ಲಿ ಮೂರು ಫೋನ್. ಮರುದಿನ ಒಂದು, ಮೂರನೇ ದಿನ ಒಂದು, ತಿಂಗಳಾದ ಮೇಲೆ ಒಂದು. "ಹೇಗಿದ್ದೀಯ" ಅಂತ ಕೇಳುವುದಿಲ್ಲ. ಹಾಗೆ ಕೇಳಿದರೆ ಎಲ್ಲರೂ ಆರಾಮ ಅಂತಾರೆ. ನಿದ್ದೆ ಬಂತಾ, ಎಷ್ಟು ಹೊತ್ತು? ಏನು ತಿಂದೆ? ಇಷ್ಟೇ. ಉತ್ತರ ಬರೆದುಕೊಳ್ಳುವುದು. ಎರಡು ಸಲ ಉತ್ತರ ಸರಿ ಬರದಿದ್ದರೆ ನಾವೇ ಮನೆಗೆ ಹೋಗುತ್ತೇವೆ. ತಿಂಗಳಿಗೂ ಹಾಗೇ ಇದ್ದರೆ ಪಿಂಪ್ರಿಗೆ ಕರೆದುಕೊಂಡು ಹೋಗುತ್ತೇವೆ. ಇಲ್ಲಿವರೆಗೆ ನಾಲ್ಕು ಜನ ಹೋಗಿದ್ದಾರೆ. ಕಾಕಾ ಹೋಗಿಲ್ಲ. ಬಿಪಿ ತೋರಿಸಲಿಕ್ಕೆ ಮಾತ್ರ ಬಂದರು.

ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಎಲ್ಲರಿಗೂ ಬಿಪಿ, ಶುಗರ್. ನಲವತ್ತೈದು ದಾಟಿದವರಿಗೆ ಇಸಿಜಿ. ಇರ್ಶಾಳವಾಡಿಯ ದಾರಿಯಲ್ಲಿ ತೀರಿಕೊಂಡ ಆ ಅಧಿಕಾರಿಯ ನೆನಪು ಎಲ್ಲರಿಗೂ ಇತ್ತು, ಹಾಗಾಗಿ ಇದಕ್ಕೆ ಯಾರೂ ತಕರಾರು ಮಾಡಲಿಲ್ಲ. ಮಾಸ್ತರಿಗೆ ಶುಗರ್ ಬಂತು. ಅವರು ಈಗ ಮೇಲೆ ಹತ್ತುವುದಿಲ್ಲ, ಕೆಳಗೆ ವೈರ್‌ಲೆಸ್ ನೋಡಿಕೊಳ್ಳುತ್ತಾರೆ. ಮೊದಮೊದಲು ಮುನಿಸಿಕೊಂಡಿದ್ದರು. ಟಿಟಿ ಇಂಜೆಕ್ಷನ್, ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಎಲ್ಲರಿಗೂ ಆಯಿತು. ಕೆಸರು ನೀರಲ್ಲಿ ಇಳಿದವರು ಮೂರು ದಿನದೊಳಗೆ ಡಾಕ್ಟರನ್ನು ಕಂಡು ಇಲಿ ಜ್ವರದ ಮಾತ್ರೆ ಬೇಕೋ ಬೇಡವೋ ಕೇಳಲೇಬೇಕು. ಇದಕ್ಕೆ ರಿಕ್ಷಾದವನೇ ಜಮಾದಾರ. ಅವನ ಮಾತು ಯಾರೂ ಮೀರುವುದಿಲ್ಲ.

ಕಿಟ್ ಚೀಲದಲ್ಲಿ ಈಗ ಹಗ್ಗ ಸಿಕ್ಕಿಸುವ ಕೊಂಡಿ ಕ್ಯಾರಬೀನರ್ ಜೊತೆಗೆ ಒಣ ಕಾಲುಚೀಲ, ಸೋಪು, ಓಆರ್‌ಎಸ್, ಮತ್ತೆ ಚಿಕ್ಕಿ. ಲೋಣಾವಳಾದಲ್ಲಿದ್ದುಕೊಂಡು ಚಿಕ್ಕಿಗೆ ಬರವೇ? ಆದರೂ ಮೊದಲು ಯಾರೂ ಒಯ್ಯುತ್ತಿರಲಿಲ್ಲ.

ಎರಡು ನಿಯಮಕ್ಕೆ ಜಗಳ ಆಯಿತು. ಒಂದು, ಬಾಡಿಯ ಫೋಟೋ ಗುಂಪಿಗೆ ಹಾಕುವಂತಿಲ್ಲ. ಪೊಲೀಸರಿಗೆ ಬೇಕಿದ್ದರೆ ಒಬ್ಬ ತೆಗೆದು ಅವರಿಗೆ ಮಾತ್ರ ಕಳಿಸುವುದು. ಹುಡುಗರು ಒಪ್ಪಲಿಲ್ಲ. ಕೆಲಸ ಮಾಡಿದ್ದಕ್ಕೆ ಸಾಕ್ಷಿ ಬೇಡವಾ ಅಂದರು. ಆದರೆ ಅದೇ ಚಿತ್ರವನ್ನು ಊಟದ ಹೊತ್ತಿಗೆ, ಮಲಗುವ ಹೊತ್ತಿಗೆ ಮತ್ತೆ ಮತ್ತೆ ನೋಡುವುದರಿಂದ ಸ್ಥಳಕ್ಕೆ ಹೋಗದವರಿಗೂ ಪೆಟ್ಟು ಬೀಳುತ್ತದೆ. ವಾಂತಿ ಮಾಡಿಕೊಂಡ ಹುಡುಗನೇ ಎದ್ದು ನಿಂತು ಈ ನಿಯಮ ಬೇಕು ಅಂದ ಮೇಲೆ ಎಲ್ಲ ಸುಮ್ಮನಾದರು. ಎರಡನೆಯದು, ತಮ್ಮ ಮಕ್ಕಳ ವಯಸ್ಸಿನ ಬಾಡಿಯನ್ನು ಆ ತಂದೆ ಎತ್ತುವಂತಿಲ್ಲ. ಬೇರೆಯವರು ಎತ್ತಬೇಕು. ಇದು ಯಾವ ಪುಸ್ತಕದಲ್ಲೂ ಇಲ್ಲ, ನಾನೇ ಹೇಳಿದ್ದು. ಆ ಹೊತ್ತಿನಲ್ಲಿ ಇದೆಲ್ಲ ಯಾರಿಗೆ ನೆನಪಿರುತ್ತದೆ ಅಂತ ಒಬ್ಬ ಕೇಳಿದ. ನೆನಪಿಡುವುದು ಎತ್ತುವವನ ಕೆಲಸ ಅಲ್ಲ, ಪಕ್ಕದಲ್ಲಿ ನಿಂತವನ ಕೆಲಸ ಅಂದೆ.

ವಿಮೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸರ್ಕಾರದ ಆಪದಾ ಮಿತ್ರ ಯೋಜನೆಯಲ್ಲಿ 12 ದಿನದ ತರಬೇತಿ ಆದವರಿಗೆ ಕಿಟ್ ಮತ್ತು ವಿಮೆ ಸಿಗುತ್ತದೆ. ನಮ್ಮಲ್ಲಿ ಕೆಲವರದ್ದು ಆಗಿದೆ. ಉಳಿದವರಿಗೆ ಕಡೇಪಕ್ಷ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಮಾಡಿಸಿದೆವು. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ವಡಾಪಾವಿನ ದುಡ್ಡು. ಇಷ್ಟು ವರ್ಷ ಅದೂ ಇರಲಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮನೆಯವರ ಸಭೆ. ಒಂದು ರವಿವಾರ ಎಲ್ಲರ ಹೆಂಡಂದಿರು, ತಾಯಂದಿರನ್ನು ಕರೆದು ಶೆಡ್ಡಿನಲ್ಲೇ ಪೋಹೆ, ಚಹಾ ಮಾಡಿಸಿದೆವು. ಯಾವ ಲಕ್ಷಣ ಕಂಡರೆ ಯಾರಿಗೆ ಫೋನ್ ಮಾಡಬೇಕು ಅಂತ ಹೇಳಬೇಕಿತ್ತು. ಹೇಳಲಿಕ್ಕೆ ನಮಗೆ ಬಿಟ್ಟರೆ ತಾನೇ! ಅವರೇ ಮಾತಾಡಿದರು. ಇವರು ಕಾಲ್‌ಗೆ ಹೋದಾಗ ನೀವು ನಿದ್ದೆ ಮಾಡ್ತೀರಾ ಅಂತ ಒಬ್ಬರನ್ನೊಬ್ಬರು ಕೇಳಿಕೊಂಡರು. ಯಾರೂ ಮಾಡುತ್ತಿರಲಿಲ್ಲ. ಈಗ ಅವರದ್ದೇ ಒಂದು ಗುಂಪಿದೆ. ನಾವು ಗುಡ್ಡ ಇಳಿದ ಕೂಡಲೇ ಮಾಸ್ತರು ಅದಕ್ಕೆ ಒಂದು ಸಾಲು ಹಾಕುತ್ತಾರೆ, "ಎಲ್ಲ ಕೆಳಗೆ ಬಂದರು". ಕಾಕಾನ ಮನೆಯವರು ಆ ದಿನ ಹೋಗುವಾಗ ನನ್ನನ್ನು ಬದಿಗೆ ಕರೆದು ಕೇಳಿದರು, ಮಂಡಿನೋವಿಗೂ ಚಪ್ಪಲಿಗೂ ಏನು ಸಂಬಂಧ ಅಣ್ಣಾ ಅಂತ. ಕಾಕಾನನ್ನೇ ಕೇಳಿ ಅಂದೆ.

2025ರ ಜೂನ್ 15, ರವಿವಾರ ಮಧ್ಯಾಹ್ನ. ಕುಂಡಮಳಾದಲ್ಲಿ ಇಂದ್ರಾಯಣಿ ಮೇಲಿನ ಹಳೆ ಕಬ್ಬಿಣದ ಸೇತುವೆ ಪ್ರವಾಸಿಗರ ಸಮೇತ ಕುಸಿಯಿತು. ನಮ್ಮ ಮನೆಯಿಂದ ದೂರವೇನಿಲ್ಲ. ನೀರು ಕೆಂಪಗೆ ಸುತ್ತುತ್ತಿತ್ತು, ಕಬ್ಬಿಣದ ಸಂದಿಯಲ್ಲಿ ಜನ ಸಿಕ್ಕಿಕೊಂಡಿದ್ದರು. ನಾಲ್ಕು ಜನ ಸತ್ತರು. ಬಹಳಷ್ಟು ಜನ ಬದುಕಿದರು. ಒಂದು ಹೊತ್ತಿನಲ್ಲಿ ನಾನು ಮುಂದೆ ಬಾಗಿದ್ದೆ, ಕಾಕಾ ನನ್ನ ಮೈಗೆ ಬಿಗಿದ ಪಟ್ಟಿ, ಹಾರ್ನೆಸ್, ಹಿಂದಿನಿಂದ ಹಿಡಿದು ಜಗ್ಗಿ "ನೀನಲ್ಲ, ಹಿಂದೆ ಬಾ" ಅಂದರು. ಯಾಕೆ ಅಂತ ಕೇಳಲಿಲ್ಲ. ಹಿಂದೆ ಬಂದು ಹಗ್ಗ ಹಿಡಿದೆ. ಇವತ್ತಿಗೂ ಕೇಳಿಲ್ಲ.

ಮರುದಿನದ ಫೋನಿನ ಪಾಳಿ ನನ್ನದು. ಒಂಬತ್ತು ಜನರ ಹೆಸರಿತ್ತು. ಎಂಟನೆಯವನು ಹೊಸ ಹುಡುಗ, ಅವನಿಗೆ ಇದು ಮೊದಲ ದೊಡ್ಡ ಕಾಲ್.

"ನಿದ್ದೆ ಬಂತಾ?"

"ಬಂತು ಅಣ್ಣಾ. ಆರು ಗಂಟೆ."

"ಏನು ತಿಂದೆ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಆಯಿ ಮೀನು ಮಾಡಿದ್ದಳು. ತಿನ್ನಲಿಕ್ಕೆ ಆಗಲಿಲ್ಲ."

ಪುಸ್ತಕದಲ್ಲಿ ಬರೆದುಕೊಂಡೆ. ಹಗ್ಗ ಇನ್ನೂ ಒದ್ದೆ ಇದೆ, ತೊಳೆದು ಕಟ್ಟಬೇಕು, ಶೆಡ್ಡಿಗೆ ಬಾ ಅಂದೆ. ದಾರಿಯಲ್ಲಿ ಮಿಸಳ್ ಕಟ್ಟಿಸಿಕೊಂಡು ಬರ್ತೀನಿ, ಇಬ್ಬರಿಗೂ.

"ಖಾರ ಜಾಸ್ತಿ ಇರಲಿ ಅಣ್ಣಾ" ಅಂದ.